ಹೊಸ ಒಗಟಿನ ಆಟಗಳಲ್ಲಿ ನಿಮಗೆ ಹೊಂದುವುದು ಯಾವುದು? ಆರು ಆಟಗಳ ತುಲನೆ

ವಿಮರ್ಶೆಗಳನ್ನು ಓದಿ ಒಗಟಿನ ಆಟವೊಂದನ್ನು ಆರಿಸಿಕೊಳ್ಳುವುದು ಈಚೆಗೆ ಕಷ್ಟವಾಗಿದೆ. 2023ರಿಂದ 2025ರ ನಡುವೆ ಬಂದ ಒಗಟು ಮತ್ತು ಸಾಹಸದ ವಿಡಿಯೊ ಗೇಮ್‌ಗಳಲ್ಲಿ ಹಲವನ್ನು ವಿಮರ್ಶಕರು ಒಂದೇ ಸಮನೆ ಹೊಗಳಿದ್ದಾರೆ. ಬ್ಲೂ ಪ್ರಿನ್ಸ್ ಮತ್ತು ಅನಿಮಲ್ ವೆಲ್ ಎರಡಕ್ಕೂ ವಿಮರ್ಶಕರ ಅಂಕಗಳನ್ನು ಒಟ್ಟುಗೂಡಿಸುವ ಮೆಟಾಕ್ರಿಟಿಕ್ ತಾಣದಲ್ಲಿ ನೂರಕ್ಕೆ 90ರ ಆಸುಪಾಸಿನ ಅಂಕ ಬಂದಿದೆ, ಉಳಿದವೂ ಬಹಳ ಹಿಂದೆ ಬಿದ್ದಿಲ್ಲ. ಆದರೆ ಆ ಅಂಕವನ್ನು ನಂಬಿ ಕೊಂಡು, ವಾರ ಕಳೆಯುವುದರೊಳಗೆ ಬೇಸತ್ತು ಬಿಟ್ಟವರನ್ನೂ, ಅದೇ ಆಟಕ್ಕಾಗಿ ನಿದ್ದೆಗೆಟ್ಟವರನ್ನೂ ನಾನು ಬಲ್ಲೆ. ಇಬ್ಬರೂ ಬುದ್ಧಿವಂತರೇ. ಆಟದ ಗುಣಮಟ್ಟ ಒಂದೇ ಆಗಿದ್ದರೂ ಅದು ಆಡುವವರ ಸ್ವಭಾವಕ್ಕೆ ಹೊಂದಬೇಕು.

ಒಗಟಿನ ಆಟದಲ್ಲಿ ನಾವು ಹೆಚ್ಚು ಹೊತ್ತು ಕಳೆಯುವುದು ಉತ್ತರ ಹೊಳೆಯದ ಸ್ಥಿತಿಯಲ್ಲಿ. ಭಾನುವಾರದ ಪದಬಂಧ ಬಿಡಿಸುವವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ: ಎಡದಿಂದ ಬಲಕ್ಕೆ ಏಳನೆಯ ಪದ ಹೊಳೆಯದಿದ್ದರೆ ಕೆಲವರು ಮೇಲಿನಿಂದ ಕೆಳಕ್ಕೆ ಹೋಗಿ ಒಂದೆರಡು ಅಕ್ಷರ ತುಂಬಿಕೊಂಡು ಬರುತ್ತಾರೆ, ಕೆಲವರು ಅದೇ ಮನೆಯನ್ನು ದಿಟ್ಟಿಸುತ್ತ ಕೂರುತ್ತಾರೆ, ಇನ್ನು ಕೆಲವರು ಪತ್ರಿಕೆಯನ್ನು ಮಡಚಿಟ್ಟು ಮರುದಿನದ ಉತ್ತರಕ್ಕೆ ಕಾಯುತ್ತಾರೆ. ಆದ್ದರಿಂದ ಆಟವನ್ನು ಆರಿಸುವಾಗ ನಾನು ಮೊದಲು ನೋಡುವುದು, ಅದು ನಮ್ಮನ್ನು ಯಾವ ರೀತಿ ತಡೆದು ನಿಲ್ಲಿಸುತ್ತದೆ, ಆ ತಡೆಯನ್ನು ನಾವು ಸಹಿಸಬಲ್ಲೆವೇ ಎಂಬುದನ್ನು. ಚಿತ್ರ, ಸಂಗೀತ, ಕಥೆ ಎಲ್ಲವೂ ಅದರ ನಂತರ.

ಎರಡನೆಯ ಅಳತೆ ಇಂಗ್ಲಿಷ್. ಇಲ್ಲಿ ಹೇಳುವ ಯಾವ ಆಟವೂ ಕನ್ನಡದಲ್ಲಿಲ್ಲ. ಕೆಲವಕ್ಕೆ ಭಾಷೆಯೇ ಬೇಡ. ಕೆಲವಕ್ಕೆ ಶ್ಲೇಷೆ, ಕಾಗುಣಿತ, ಗಾದೆಗಳ ಮಟ್ಟದ ಇಂಗ್ಲಿಷ್ ಬೇಕು. ಮೂರನೆಯದು ಒಂದು ಸಲ ಕೂತರೆ ಎಷ್ಟು ಹೊತ್ತು ಏಳುವಂತಿಲ್ಲ ಎಂಬುದು. ಮನೆಗೆಲಸ, ಮಕ್ಕಳು, ಕರೆಂಟು ಇವುಗಳ ನಡುವೆ ಆಡುವವರಿಗೆ ಇದು ಸಣ್ಣ ವಿಷಯವಲ್ಲ. ನಾಲ್ಕನೆಯದು ಕೈಚಳಕ: ತಲೆ ಮಾತ್ರ ಓಡಿಸಿದರೆ ಸಾಕೇ, ಅಥವಾ ಸರಿಯಾದ ಗಳಿಗೆಯಲ್ಲಿ ಗುಂಡಿ ಒತ್ತಿ ಹಾರಬೇಕೇ? ಕೊನೆಯದು ಬೆಲೆ. ಈ ಆರೂ ಆಟಗಳ ಮೂಲ ಬೆಲೆ 20ರಿಂದ 30 ಡಾಲರ್‌ಗಳೊಳಗಿದೆ. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಯಲ್ಲಿ ಭಾರತದವರಿಗೆ ರೂಪಾಯಿಯಲ್ಲಿ ತೋರಿಸುವ ಬೆಲೆ ಸಾಮಾನ್ಯವಾಗಿ ಡಾಲರಿನ ನೇರ ಲೆಕ್ಕಕ್ಕಿಂತ ಕಡಿಮೆಯೇ ಇರುತ್ತದೆ, ಬೇಸಿಗೆ ಮತ್ತು ಚಳಿಗಾಲದ ರಿಯಾಯಿತಿ ಮಾರಾಟದಲ್ಲಿ ಇನ್ನೂ ಇಳಿಯುತ್ತದೆ. ಆದ್ದರಿಂದ ಬೆಲೆಯನ್ನು ಮಾತ್ರ ನೋಡದೆ, ಆ ಬೆಲೆಗೆ ಎಷ್ಟು ಗಂಟೆಯ ಆಟ ಸಿಗುತ್ತದೆ, ಅಷ್ಟು ಗಂಟೆ ನಮಗೆ ನಿಜವಾಗಿ ಬೇಕೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಮೊದಲು ಚಾಂಟ್ಸ್ ಆಫ್ ಸೆನ್ನಾರ್. ಫ್ರಾನ್ಸ್‌ನ ರನ್‌ಡಿಸ್ಕ್ ಎಂಬ ಪುಟ್ಟ ತಂಡ ಇದನ್ನು 2023ರ ಸೆಪ್ಟೆಂಬರ್‌ನಲ್ಲಿ ಹೊರತಂದಿತು. ಬೈಬಲ್ಲಿನ ಬೇಬಲ್ ಗೋಪುರದ ಕಥೆಯನ್ನು ಆಧರಿಸಿದ ಈ ಆಟದಲ್ಲಿ ಒಂದು ಮಹಾಗೋಪುರದ ಅಂತಸ್ತುಗಳಲ್ಲಿ ಐದು ಜನಾಂಗಗಳು ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ಬದುಕುತ್ತಿವೆ. ಆಡುವವರಿಗೂ ಒಂದು ಅಕ್ಷರ ತಿಳಿಯದು. ಬಾಗಿಲ ಪಕ್ಕದ ಸನ್ನೆಕೋಲನ್ನು ಮೇಲಕ್ಕೆತ್ತಿದರೆ ಒಂದು ಚಿಹ್ನೆಯತ್ತ, ಕೆಳಕ್ಕಿಳಿಸಿದರೆ ಇನ್ನೊಂದು ಚಿಹ್ನೆಯತ್ತ ತೋರಿಸುತ್ತದೆ. ಒಂದು ಸಲ ಬಾಗಿಲು ತೆರೆಯುತ್ತದೆ, ಇನ್ನೊಂದು ಸಲ ಮುಚ್ಚುತ್ತದೆ. ಹಾಗಾದರೆ ಇದು ‘ತೆರೆ’, ಅದು ‘ಮುಚ್ಚು’ ಇರಬಹುದು ಎಂದು ಊಹಿಸಿ ಮುಂದೆ ಹೋಗುತ್ತೇವೆ. ಯಾರೋ ಎದುರು ನಿಂತು ಕೈಬೀಸಿ ಮೂರು ಚಿಹ್ನೆಗಳನ್ನು ಹೇಳುತ್ತಾರೆ, ಅವುಗಳಲ್ಲಿ ಒಂದು ಆ ‘ತೆರೆ’. ಹೀಗೆ ಸಂದರ್ಭದಿಂದ ಅರ್ಥ ಕಟ್ಟುತ್ತ ಹೋದಂತೆ ಆಟದ ಕೈಪುಸ್ತಕದಲ್ಲಿ ಚಿತ್ರಗಳು ಮೂಡುತ್ತವೆ. ಆ ಪುಟದ ಪ್ರತಿ ಚಿತ್ರಕ್ಕೂ ಸರಿಯಾದ ಚಿಹ್ನೆಯನ್ನು ಹೊಂದಿಸಿದಾಗ ಮಾತ್ರ ಅರ್ಥಗಳು ಖಚಿತವಾಗುತ್ತವೆ.

ಈ ಆಟವನ್ನು ನಾನು ಮನಸಾರೆ ಮೆಚ್ಚಲು ಕಾರಣವಿದೆ. ಇಲ್ಲಿ ಚಿಹ್ನೆಗಳು ಬರೀ ಗುಪ್ತಲಿಪಿಯಲ್ಲ, ಪ್ರತಿ ಭಾಷೆಗೂ ತನ್ನದೇ ವ್ಯಾಕರಣವಿದೆ. ಮೊದಲ ಜನಾಂಗದವರು ಬಹುವಚನಕ್ಕೆ ಪದವನ್ನೇ ಎರಡು ಸಲ ಬರೆಯುತ್ತಾರೆ. ಮನುಷ್ಯರನ್ನು ಸೂಚಿಸುವ ಚಿಹ್ನೆಗಳಲ್ಲೆಲ್ಲ ಒಂದೇ ಬಗೆಯ ಗೆರೆ ಕಾಣಿಸಿಕೊಳ್ಳುತ್ತದೆ. ಮುಂದಿನ ಅಂತಸ್ತುಗಳಲ್ಲಿ ಕರ್ತೃ, ಕರ್ಮ, ಕ್ರಿಯಾಪದಗಳ ಕ್ರಮವೇ ಬದಲಾಗುತ್ತದೆ. ಒತ್ತಕ್ಷರ, ಕಾಗುಣಿತಗಳನ್ನು ಕಲಿತು ಬೆಳೆದವರಿಗೆ, ಮನೆಯಲ್ಲೊಂದು ಬೀದಿಯಲ್ಲೊಂದು ಕಚೇರಿಯಲ್ಲೊಂದು ಭಾಷೆ ಆಡುವವರಿಗೆ ಈ ಕೆಲಸ ಅಪರಿಚಿತವೆನಿಸದು. ಕ್ರಿಯಾಪದ ಕೊನೆಯಲ್ಲಿ ಬರುವ ಭಾಷೆಯಲ್ಲಿ ಯೋಚಿಸುವವರು ಪದಕ್ರಮ ಬದಲಾದಾಗ ತಬ್ಬಿಬ್ಬಾಗುವುದೂ ಕಡಿಮೆ. ಬೇಕಾದ ಇಂಗ್ಲಿಷ್ ‘ಬಾಗಿಲು’, ‘ಹೋಗು’, ‘ದೇವರು’ ಮಟ್ಟದ ಬಿಡಿ ಪದಗಳಷ್ಟೇ. ನಾನಂತೂ ಪಕ್ಕದಲ್ಲಿ ಹಾಳೆಯಿಟ್ಟುಕೊಂಡು ಅರ್ಥಗಳನ್ನು ಕನ್ನಡದಲ್ಲೇ ಬರೆದುಕೊಂಡೆ.

ಇಲ್ಲಿ ತಡೆ ಬಂದರೂ ಅದು ಮೃದುವಾದ ತಡೆ. ಒಂದು ಪದ ತಿಳಿಯದಿದ್ದರೆ ಇನ್ನೊಂದು ಕೋಣೆಯಲ್ಲಿ ಅದೇ ಪದ ಬೇರೆ ಸಂದರ್ಭದಲ್ಲಿ ಸಿಗುತ್ತದೆ. ಕೊರತೆಗಳೂ ಇವೆ. ಕಾವಲುಗಾರರ ಕಣ್ಣು ತಪ್ಪಿಸಿ ನುಸುಳುವ ಭಾಗಗಳು ಆಟದ ಮೂಲ ಗುಣಕ್ಕೆ ಏನನ್ನೂ ಸೇರಿಸುವುದಿಲ್ಲ, ಸಿಕ್ಕಿಬಿದ್ದಾಗ ಹಿಂದಿನ ಜಾಗದಿಂದ ಮತ್ತೆ ನಡೆಯುವುದು ಬೇಸರ ತರುತ್ತದೆ. ಪುಟದಲ್ಲಿ ಮೂರು ಚಿತ್ರ ಉಳಿದಿದ್ದಾಗ ಅರ್ಥವಾಗದೆಯೂ ಅದಲುಬದಲು ಮಾಡಿ ಸರಿಹೊಂದಿಸಿಬಿಡಬಹುದು. ಹಾಗೆ ಮಾಡುವ ಆತುರವನ್ನು ನಾವೇ ತಡೆದುಕೊಳ್ಳಬೇಕು. ಎಂಟರಿಂದ ಹತ್ತು ಗಂಟೆಯಲ್ಲಿ ಮುಗಿಯುವ ಆಟ, 20 ಡಾಲರಿನ ಬೆಲೆ. ಈ ಪ್ರಕಾರಕ್ಕೆ ಹೊಸಬರಾದವರಿಗೂ, ಹತ್ತು ಹನ್ನೆರಡು ವರ್ಷದ ಮಕ್ಕಳೊಂದಿಗೆ ಕೂತು ಆಡುವವರಿಗೂ ನನ್ನ ಮೊದಲ ಸಲಹೆ ಇದೇ.

ಭಾಷೆಯ ಮೇಲೆಯೇ ನಿಂತಿರುವ ಇನ್ನೊಂದು ಆಟ ದಿ ರೈಸ್ ಆಫ್ ದಿ ಗೋಲ್ಡನ್ ಐಡಲ್, ಆದರೆ ಅದರ ದಾರಿ ಬೇರೆ. ಲಾಟ್ವಿಯಾದ ಕಲರ್ ಗ್ರೇ ಗೇಮ್ಸ್ 2022ರಲ್ಲಿ ತಂದ ದಿ ಕೇಸ್ ಆಫ್ ದಿ ಗೋಲ್ಡನ್ ಐಡಲ್ ಹದಿನೆಂಟನೆಯ ಶತಮಾನದಲ್ಲಿ ನಡೆದರೆ, 2024ರ ನವೆಂಬರ್‌ನ ಈ ಮುಂದುವರಿಕೆ 1970ರ ದಶಕದಲ್ಲಿ ನಡೆಯುತ್ತದೆ. ಸಾವೋ ಅಪಘಾತವೋ ನಡೆದ ಒಂದು ಕ್ಷಣ ಪರದೆಯ ಮೇಲೆ ನಿಂತಿರುತ್ತದೆ. ಜೇಬಿನಲ್ಲಿರುವ ಚೀಟಿ, ಗೋಡೆಯ ಮೇಲಿನ ಪ್ರಕಟಣೆ, ಮುಖದ ಭಾವ, ಬಟ್ಟೆಯ ಕಲೆ ಎಲ್ಲವನ್ನೂ ನೋಡಿ ಹೆಸರು ಮತ್ತು ಕ್ರಿಯಾಪದಗಳನ್ನು ಆಯ್ದುಕೊಂಡು, ಬಿಟ್ಟ ಸ್ಥಳ ತುಂಬುವ ಹಾಗೆ ಏನಾಯಿತೆಂಬ ವಾಕ್ಯಗಳನ್ನು ಪೂರ್ಣಗೊಳಿಸಬೇಕು. ಒಂದೆರಡು ತಪ್ಪು ಮಾತ್ರ ಉಳಿದಿದ್ದರೆ ಆಟವೇ ಅದನ್ನು ತಿಳಿಸುತ್ತದೆ.

ಇದರ ದೊಡ್ಡ ಅನುಕೂಲ ಪ್ರಕರಣಗಳು ಬಿಡಿಬಿಡಿಯಾಗಿರುವುದು. ಸುಮಾರು 20 ಪ್ರಕರಣಗಳಲ್ಲಿ ಒಂದೊಂದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು. ಊಟವಾದ ಮೇಲೆ ಒಂದನ್ನು ಬಿಡಿಸಿ ಮಲಗಬಹುದು. ಕೈಚಳಕ ಸ್ವಲ್ಪವೂ ಬೇಡ. ಹೊರದೇಶದಲ್ಲಿರುವ ತಮ್ಮನೊಂದಿಗೆ ಪರದೆ ಹಂಚಿಕೊಂಡು ನಾನು ಇದನ್ನು ಆಡಿದೆ: ಅವನು “ಆ ಉಂಗುರ ಯಾರ ಕೈಲಿದೆ ನೋಡಕ್ಕಾ” ಎನ್ನುವುದು, ನಾನು ಇನ್ನೊಂದು ಕೋಣೆಗೆ ಹೋಗಿ ಹುಡುಕುವುದು. ಇಬ್ಬರು ಮೂವರು ಕೂಡಿ ಆಡಲು ಈ ಆರರಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಇಂಗ್ಲಿಷ್ ಓದು ಸರಾಗವಾಗಿರಬೇಕು. ಎರಡು ಕ್ರಿಯಾಪದಗಳ ನಡುವಿನ ಸೂಕ್ಷ್ಮ ವ್ಯತ್ಯಾಸ ತಿಳಿಯದಿದ್ದರೆ ಕಥೆ ಪೂರ್ತಿ ಅರ್ಥವಾಗಿದ್ದರೂ ವಾಕ್ಯ ತಪ್ಪಾಗುತ್ತದೆ, ಆ ತಡೆ ನ್ಯಾಯವೆನಿಸುವುದಿಲ್ಲ. ಕೊಲೆಗಳೇ ವಸ್ತುವಾದ್ದರಿಂದ ಚಿಕ್ಕ ಮಕ್ಕಳಿಗೆ ತಕ್ಕುದಲ್ಲ. ಮೊದಲ ಆಟ ಆಡದಿದ್ದರೂ ಇದು ತಿಳಿಯುತ್ತದೆ, ಆದರೂ ಬೆಲೆಯಲ್ಲಿ ತುಸು ಅಗ್ಗವಾದ ಮೊದಲನೆಯದರಿಂದ ಆರಂಭಿಸಿದರೆ ವಿಗ್ರಹದ ಕಥೆಗೆ ತೂಕ ಬರುತ್ತದೆ. ಇದು ಹಿಡಿಸಿದವರು 2018ರ ರಿಟರ್ನ್ ಆಫ್ ದಿ ಓಬ್ರಾ ಡಿನ್ ಅನ್ನೂ ನೋಡಬೇಕು; ಈಸ್ಟ್ ಇಂಡಿಯಾ ಕಂಪನಿಯ ಹಡಗೊಂದರಲ್ಲಿದ್ದ 60 ಜನರಿಗೆ ಏನಾಯಿತೆಂದು ಪತ್ತೆಹಚ್ಚುವ ಆ ಆಟ, ಮೂವರ ಗತಿಯನ್ನು ಸರಿಯಾಗಿ ಬರೆದ ಮೇಲಷ್ಟೇ ಅದನ್ನು ಖಚಿತಪಡಿಸುತ್ತದೆ. ಊಹೆಯ ಚಪಲಕ್ಕೆ ಅದಕ್ಕಿಂತ ಒಳ್ಳೆಯ ಕಡಿವಾಣವನ್ನು ನಾನು ಕಂಡಿಲ್ಲ.

ಈಗ ಹೆಚ್ಚು ಗೊಂದಲ ಹುಟ್ಟಿಸುವ ಬ್ಲೂ ಪ್ರಿನ್ಸ್. 2025ರ ಏಪ್ರಿಲ್‌ನಲ್ಲಿ ಬಂದ ಈ ಆಟವನ್ನು ಟೋಂಡಾ ರಾಸ್ ತಮ್ಮ ಡೊಗುಬಾಂಬ್ ಸ್ಟುಡಿಯೊದಲ್ಲಿ ಸುಮಾರು ಎಂಟು ವರ್ಷ ಕೆಲಸ ಮಾಡಿ ರೂಪಿಸಿದರು. ಸೈಮನ್ ಎಂಬ ಹುಡುಗನಿಗೆ ಅಜ್ಜನ ವರಸೆಯ ಬಂಧುವೊಬ್ಬ 45 ಕೋಣೆಗಳ ಮಹಲನ್ನು ಬರೆದಿಟ್ಟಿದ್ದಾನೆ. ಅದರಲ್ಲಿ 46ನೆಯ ಕೋಣೆಯನ್ನು ಕಂಡುಹಿಡಿದರೆ ಮಾತ್ರ ಆಸ್ತಿ ಅವನದಾಗುತ್ತದೆ. ಮನೆಯ ನಕ್ಷೆ ಅಗಲಕ್ಕೆ ಐದು, ಉದ್ದಕ್ಕೆ ಒಂಬತ್ತು ಚೌಕ. ಪ್ರತಿ ಬಾಗಿಲು ತೆರೆಯುವಾಗಲೂ ಮೂರು ಕೋಣೆಗಳ ನಕ್ಷೆ ಎದುರಿಗೆ ಬರುತ್ತದೆ, ಒಂದನ್ನು ಆರಿಸಿದರೆ ಆ ಬಾಗಿಲ ಹಿಂದೆ ಅದೇ ಕೋಣೆ ಹುಟ್ಟುತ್ತದೆ. ದಿನಕ್ಕೆ ಆರಂಭದಲ್ಲಿ 50 ಹೆಜ್ಜೆ. ಅವು ಮುಗಿದರೆ ದಿನ ಮುಗಿದಂತೆ, ಮರುದಿನ ಮನೆಯೆಲ್ಲ ಅಳಿದು ಮತ್ತೆ ಮೊದಲಿನಿಂದ ಕಟ್ಟಬೇಕು.

ಒಳಗಿನ ಒಗಟುಗಳ ಸೊಗಸಿಗೆ ಪಾರ್ಲರ್ ಎಂಬ ಕೋಣೆಯೇ ಸಾಕ್ಷಿ. ಅಲ್ಲಿ ನೀಲಿ, ಬಿಳಿ, ಕಪ್ಪು ಪೆಟ್ಟಿಗೆಗಳಿವೆ. ಹರಳು ಒಂದರಲ್ಲಿ ಮಾತ್ರ ಇದೆ. ಕಡೆಯ ಪಕ್ಷ ಒಂದು ಪೆಟ್ಟಿಗೆ ನಿಜ ಹೇಳುತ್ತದೆ, ಕಡೆಯ ಪಕ್ಷ ಒಂದು ಸುಳ್ಳು ಹೇಳುತ್ತದೆ. ಆ ಬಗೆಯದೊಂದನ್ನು ನಾನೇ ಕಟ್ಟಿ ಹೇಳುವುದಾದರೆ: ನೀಲಿಯ ಮೇಲೆ ‘ಹರಳು ಇದರಲ್ಲಿದೆ’, ಬಿಳಿಯ ಮೇಲೆ ‘ಹರಳು ಇದರಲ್ಲಿಲ್ಲ’, ಕಪ್ಪಿನ ಮೇಲೆ ‘ಹರಳು ಬಿಳಿಯದರಲ್ಲಿಲ್ಲ’ ಎಂದು ಬರೆದಿದೆ ಎನ್ನಿ. ಹರಳು ನೀಲಿಯಲ್ಲಿದ್ದರೆ ಮೂರೂ ನಿಜವಾಗುತ್ತವೆ, ಬಿಳಿಯಲ್ಲಿದ್ದರೆ ಮೂರೂ ಸುಳ್ಳಾಗುತ್ತವೆ; ಎರಡೂ ನಿಯಮಕ್ಕೆ ವಿರುದ್ಧ, ಆದ್ದರಿಂದ ಕಪ್ಪು. ಇದನ್ನು ಓದಿ ನಿಮಗೆ ಹಿತವೆನಿಸಿದರೆ ಬ್ಲೂ ಪ್ರಿನ್ಸ್‌ನ ಅರ್ಧ ಭಾಗ ನಿಮಗೆ ಹಿಡಿಸುತ್ತದೆ.

ಇನ್ನರ್ಧ ಅದೃಷ್ಟದ್ದು. ಏನು ಮಾಡಬೇಕೆಂದು ಸ್ಪಷ್ಟವಾಗಿ ಗೊತ್ತಿದ್ದೂ ಅದಕ್ಕೆ ಬೇಕಾದ ಕೋಣೆ ಇಂದು ಬರದೆ, ನಾಳೆಯೂ ಬರದೆ ಕಾಯಬೇಕಾಗುತ್ತದೆ. ಚೌಕಾಬಾರದಲ್ಲಿ ಕಾಯಿ ಹಣ್ಣಾಗಲು ಒಂದೇ ಮನೆ ಉಳಿದಿರುವಾಗ ಬೇಕಾದ ಗರ ಬೀಳದೆ ಆಟ ಎಳೆಯುವಂತಹ ತಡೆ ಇದು. ಕೆಲವರಿಗೆ ಆ ಕಾಯುವಿಕೆಯಲ್ಲಿ ಬೇರೊಂದು ಸುಳಿವು ಕಣ್ಣಿಗೆ ಬೀಳುತ್ತದೆ, ಅವರು ದಿನವನ್ನು ವ್ಯರ್ಥವೆಂದು ಎಣಿಸುವುದಿಲ್ಲ. ಉತ್ತರ ಗೊತ್ತಾದ ಕೂಡಲೇ ಅದನ್ನು ಪ್ರಯೋಗಿಸಬೇಕೆನ್ನುವವರಿಗೆ ಇದು ಸಿಟ್ಟು ತರಿಸುತ್ತದೆ, ಮತ್ತು ಆ ಸಿಟ್ಟು ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಮೊದಲ ಗುರಿ ಮುಟ್ಟಿದ ಮೇಲೆ ತೆರೆದುಕೊಳ್ಳುವ ಆಳವಾದ ಒಗಟುಗಳಲ್ಲಿ ಈ ದೋಷ ಇನ್ನೂ ಹೆಚ್ಚು ಕಾಡುತ್ತದೆ, ಏಕೆಂದರೆ ಆಗ ಬೇಕಾಗುವುದು ಇಂಥದೇ ಕೋಣೆ, ಇಂಥದೇ ವಸ್ತು.

ಇತರ ಅಳತೆಗಳಲ್ಲೂ ಇದು ಬೇಡಿಕೆ ಹೆಚ್ಚಿರುವ ಆಟ. ‘ಬ್ಲೂಪ್ರಿಂಟ್ಸ್’ (ನಕ್ಷೆಗಳು) ಎಂದು ಕೇಳಿಸುವ ಹೆಸರಿನಿಂದಲೇ ಆರಂಭವಾಗುವ ಪದಚಮತ್ಕಾರ ಇಂಗ್ಲಿಷಿಗೆ ಅಂಟಿಕೊಂಡಿದೆ. ಬಿಡುಗಡೆಯಾದಾಗ ದಿನದ ನಡುವೆ ಉಳಿಸಿ ಏಳುವ ಸೌಲಭ್ಯವಿರಲಿಲ್ಲ. ಒಂದು ದಿನ ಮುಕ್ಕಾಲು ಗಂಟೆ ಹಿಡಿಯುವುದೂ ಉಂಟಾದ್ದರಿಂದ ಕರೆಂಟು ಹೋಗುವ ಊರಿನಲ್ಲಿ ಬ್ಯಾಟರಿಯಿಲ್ಲದ ಕಂಪ್ಯೂಟರಿನಲ್ಲಿ ಆಡುವುದು ಕಷ್ಟ. ಬಣ್ಣಗಳನ್ನು ಗುರುತಿಸಿ ಲೆಕ್ಕ ಮಾಡಬೇಕಾದ ಒಗಟೂ ಇದೆ, ವರ್ಣಾಂಧತೆ ಇರುವವರು ಇದನ್ನು ಗಮನದಲ್ಲಿಡಬೇಕು. ನೋಟ್‌ಬುಕ್ ಇಲ್ಲದೆ ಆಡುವಂತಿಲ್ಲ. 30 ಡಾಲರಿನ ಬೆಲೆ ಈ ಪಟ್ಟಿಯಲ್ಲೇ ಹೆಚ್ಚು, ಆದರೆ 46ನೆಯ ಕೋಣೆ ಮುಟ್ಟಲೇ ಹದಿನೈದು ಇಪ್ಪತ್ತು ಗಂಟೆ, ಆಮೇಲೂ ಅದರ ಎರಡರಷ್ಟು ಆಡುವವರಿದ್ದಾರೆ. ಗಂಟೆಯ ಲೆಕ್ಕದಲ್ಲಿ ಇದೇ ಅಗ್ಗ.

ನೋಟ್‌ಬುಕ್ ಬೇಡುವ ಇನ್ನೊಂದು ಆಟ ಸ್ವೀಡನ್ನಿನ ಸಿಮೊಗೊ ತಂಡದ ಲೊರೆಲೈ ಆಂಡ್ ದಿ ಲೇಸರ್ ಐಸ್. 2024ರ ಮೇ ತಿಂಗಳಲ್ಲಿ ಬಂತು. ಕಪ್ಪು ಬಿಳುಪಿನ, ಅಲ್ಲಲ್ಲಿ ಕೆಂಪು ಮಿಂಚುವ ಒಂದು ಹಳೆಯ ಹೋಟೆಲು, ಅಲ್ಲಿಗೆ ಬಂದ ಮಹಿಳೆ, 1963ರ ಪತ್ರಗಳು, ಬಾಗಿಲು ಬಾಗಿಲಿಗೂ ಬೀಗ. ಇಸವಿ, ರೋಮನ್ ಅಂಕಿ, ಗ್ರೀಕ್ ಅಕ್ಷರ, ಚಕ್ರವ್ಯೂಹ, ಭಿತ್ತಿಪತ್ರ ಎಲ್ಲವೂ ಸುಳಿವೇ. ಬ್ಲೂ ಪ್ರಿನ್ಸ್‌ಗೆ ಹೋಲಿಸಿದರೆ ಇಲ್ಲಿ ಅದೃಷ್ಟದ ಮಾತಿಲ್ಲ: ಬೀಗ ತೆರೆಯದಿದ್ದರೆ ಅದಕ್ಕೆ ಕಾರಣ ನೀವು ಗಮನಿಸದ ಏನೋ ಒಂದು. ಒಂದು ಬೀಗ ಬಿಟ್ಟು ಇನ್ನೊಂದರತ್ತ ಹೋಗುವ ಸ್ವಾತಂತ್ರ್ಯವೂ ಬಹುತೇಕ ಇದೆ, ಓದಿದ ಪತ್ರಗಳನ್ನೆಲ್ಲ ಆಟವೇ ನೆನಪಿನಲ್ಲಿ ಜೋಡಿಸಿಡುತ್ತದೆ. ನನ್ನ ಮಟ್ಟಿಗೆ ಈ ಆರರಲ್ಲಿ ತಡೆ ಅತ್ಯಂತ ಪ್ರಾಮಾಣಿಕವಾಗಿರುವುದು ಇಲ್ಲೇ. ಒಂದು ಸಂಜೆಯೆಲ್ಲ ಒಂದೇ ಸಂಖ್ಯೆಯ ಹಿಂದೆ ಬಿದ್ದು, ಮರುದಿನ ಬೆಳಗ್ಗೆ ಕಾಫಿ ಸೋಸುವಾಗ ಅದು ಇಸವಿಯೆಂದು ಹೊಳೆದದ್ದು ನನಗೆ ಈಗಲೂ ನೆನಪಿದೆ.

ಇದರ ಬೆಲೆಯನ್ನೂ ತೆರಬೇಕು. ಎಲ್ಲ ಗುಂಡಿಗಳೂ ಒಂದೇ ಕೆಲಸ ಮಾಡುವುದರಿಂದ ಒಂದು ಪಟ್ಟಿಯಿಂದ ಹೊರಬರಲೂ ಕೆಳಗೆ ಸರಿದು ‘ಹೊರಗೆ’ ಎಂಬುದನ್ನು ಆರಿಸಬೇಕು. ನೂರಾರು ಸಲ ಹೀಗೆ ಮಾಡುವುದು ದಣಿಸುತ್ತದೆ, ಇದನ್ನು ಹಲವು ವಿಮರ್ಶಕರು ಎತ್ತಿ ಹೇಳಿದ್ದಾರೆ. ಕಥೆ ಬೇಕೆಂದೇ ಮಬ್ಬಾಗಿದೆ. ಇಂಗ್ಲಿಷ್ ಓದು ಸಾಕಷ್ಟು ಬೇಕು. ಹದಿನೈದು ಗಂಟೆಗೂ ಮೇಲ್ಪಟ್ಟ ಆಟ, 25 ಡಾಲರ್.

ಇಂಗ್ಲಿಷ್ ಬೇಡವೇ ಬೇಡ ಎನ್ನುವವರಿಗೆ ಎರಡು ದಾರಿಗಳಿವೆ. ಅನಿಮಲ್ ವೆಲ್ ಅನ್ನು ಬಿಲ್ಲಿ ಬ್ಯಾಸೊ ಒಬ್ಬರೇ ಸುಮಾರು ಏಳು ವರ್ಷ ಕೂತು, ಆಟವನ್ನು ನಡೆಸುವ ಮೂಲ ತಂತ್ರಾಂಶವಾದ ಎಂಜಿನ್ ಅನ್ನೂ ತಾವೇ ಬರೆದು ಮಾಡಿದರು. 2024ರ ಮೇ ತಿಂಗಳಲ್ಲಿ ಬಂದಾಗ ಅದರ ಗಾತ್ರ 40 ಎಂಬಿಗಿಂತಲೂ ಕಡಿಮೆ. ಫೋನಿನಲ್ಲಿ ತೆಗೆದ ಹತ್ತು ಚಿತ್ರಗಳಷ್ಟು ಜಾಗದಲ್ಲಿ ಒಂದು ಇಡೀ ಪಾತಾಳಲೋಕವಿದೆ. ಹಳೆಯ ಲ್ಯಾಪ್‌ಟಾಪ್, ನಿಧಾನವಾದ ಇಂಟರ್‌ನೆಟ್ ಇರುವವರಿಗೆ ಇದು ವರ. ಕಥೆ ಹೇಳುವ ಮಾತಿಲ್ಲ, ಪ್ರಾಣಿಗಳಿವೆ, ಕತ್ತಲಿದೆ, ಬುಗುರಿಯ ಹಾಗೆ ತಿರುಗುವ ಯೋಯೊ, ಹತ್ತಿ ನಿಲ್ಲಬಹುದಾದ ಗುಳ್ಳೆ ಊದುವ ಕಡ್ಡಿ ಮುಂತಾದ ಆಟಿಕೆಗಳಿವೆ; ಪ್ರತಿ ಆಟಿಕೆಗೂ ಮೊದಲ ನೋಟಕ್ಕೆ ಕಾಣದ ಇನ್ನೊಂದು ಉಪಯೋಗವಿದೆ. ಒಗಟುಗಳು ಪದರ ಪದರವಾಗಿವೆ: ಮೊದಲ ಮುಕ್ತಾಯ ಬಹುತೇಕ ಎಲ್ಲರಿಗೂ ಎಟುಕುವಂಥದ್ದು, ಆಮೇಲೆ 64 ಮೊಟ್ಟೆಗಳ ಹುಡುಕಾಟ, ಅದರಾಚೆಗೆ ಐವತ್ತು ಜನ ಬೇರೆಬೇರೆಯಾಗಿ ತಮ್ಮ ತಮ್ಮ ತುಣುಕನ್ನು ತಂದು ಜೋಡಿಸಬೇಕಾದ ಭಿತ್ತಿಚಿತ್ರ. ಎಲ್ಲಿ ನಿಲ್ಲಬೇಕೆಂಬುದನ್ನು ನೀವೇ ತೀರ್ಮಾನಿಸಬಹುದು, ನಿಂತಲ್ಲಿ ಆಟ ಅಪೂರ್ಣವೆನಿಸುವುದಿಲ್ಲ. ಆದರೆ ಇದು ಕೈಚಳಕದ ಆಟವೂ ಹೌದು. ಸರಿಯಾದ ಗಳಿಗೆಯಲ್ಲಿ ಹಾರಬೇಕು, ಬೆನ್ನಟ್ಟುವ ಪ್ರಾಣಿಗಳಿಂದ ತಪ್ಪಿಸಿಕೊಳ್ಳಬೇಕು. ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳುವುದಿಲ್ಲ. ಒಗಟು ಮಾತ್ರ ಸಾಕು ಎನ್ನುವವರು 25 ಡಾಲರನ್ನು ಬೇರೆಡೆ ಹಾಕುವುದು ಒಳ್ಳೆಯದು.

ಅಂಥವರಿಗೆ ಕೊಕೂನ್ ಇದೆ. ಲಿಂಬೊ ಮತ್ತು ಇನ್‌ಸೈಡ್ ಆಟಗಳ ಒಗಟುಗಳನ್ನು ರೂಪಿಸಿದ್ದ ಯೆಪ್ಪೆ ಕಾರ್ಲ್ಸನ್ ಡೆನ್ಮಾರ್ಕಿನ ಜಿಯೊಮೆಟ್ರಿಕ್ ಇಂಟರ್‌ಆಕ್ಟಿವ್‌ನಿಂದ 2023ರಲ್ಲಿ ತಂದ ಈ ಆಟದಲ್ಲಿ ಒಂದೊಂದು ಗೋಲಿಯೊಳಗೂ ಒಂದು ಲೋಕವಿದೆ. ಆ ಗೋಲಿಯನ್ನು ಬೆನ್ನ ಮೇಲೆ ಹೊತ್ತು ಇನ್ನೊಂದು ಗೋಲಿಯ ಲೋಕದೊಳಕ್ಕೆ ಇಳಿಯಬಹುದು. ಅಕ್ಷರವಿಲ್ಲ, ದಾರಿ ತಪ್ಪುವ ಭಯವಿಲ್ಲ, ಹಿಂದಿನ ಜಾಗಗಳನ್ನು ಆಟ ತಾನೇ ಮೆಲ್ಲಗೆ ಮುಚ್ಚುತ್ತ ಮುಂದೆ ನಡೆಸುತ್ತದೆ. ಐದಾರು ಗಂಟೆಗೆ 25 ಡಾಲರ್ ಎಂಬುದೊಂದೇ ಅಡ್ಡಿ, ಆದ್ದರಿಂದ ಇದನ್ನು ರಿಯಾಯಿತಿಯಲ್ಲಿ ಕೊಳ್ಳುವುದೇ ಸರಿ.

ಇನ್ನು ಆರಿಸುವ ಮಾತು. ಒಂದಕ್ಕೆ ಮಾತ್ರ ಹಣವಿದೆ, ಈ ಬಗೆಯ ಆಟ ಹೊಸದು ಎಂದರೆ ಚಾಂಟ್ಸ್ ಆಫ್ ಸೆನ್ನಾರ್. ಮನೆಮಂದಿ ಕೂಡಿ ಆಡಬೇಕು, ಇಂಗ್ಲಿಷ್ ತೊಡಕಲ್ಲ ಎಂದರೆ ಗೋಲ್ಡನ್ ಐಡಲ್. ಬೇಸಿಗೆ ರಜೆಯಿಡೀ ಒಂದೇ ಆಟದಲ್ಲಿ ಮುಳುಗಬೇಕೆನ್ನುವವರ ಮುಂದೆ ಬ್ಲೂ ಪ್ರಿನ್ಸ್ ಮತ್ತು ಲೊರೆಲೈ ಇವೆ: ಅನಿಶ್ಚಿತತೆಯನ್ನು ಸಹಿಸುವವರಿಗೆ ಮೊದಲನೆಯದು, ನಿಶ್ಚಿತ ಉತ್ತರವನ್ನು ಬೆನ್ನು ಹತ್ತುವವರಿಗೆ ಎರಡನೆಯದು. ಎರಡನ್ನೂ ಒಟ್ಟಿಗೆ ಆರಂಭಿಸಬೇಡಿ, ಒಂದೇ ನೋಟ್‌ಬುಕ್ಕಿನಲ್ಲಿ ಸಂಖ್ಯೆಗಳು ಬೆರೆತುಹೋಗುತ್ತವೆ. ಯಂತ್ರ ಹಳೆಯದು, ಕೈ ಚುರುಕು ಎನ್ನುವವರಿಗೆ ಅನಿಮಲ್ ವೆಲ್.

ಸಂಶಯ ಉಳಿದಿದ್ದರೆ ಸ್ಟೀಮ್‌ನಲ್ಲಿ ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸು ಕೇಳಬಹುದು. ಎರಡು ಗಂಟೆಯಲ್ಲಿ ಚಾಂಟ್ಸ್‌ನ ಮೊದಲ ಭಾಷೆ ಬಹುಪಾಲು ಕೈಗೆ ಬಂದಿರುತ್ತದೆ, ಗೋಲ್ಡನ್ ಐಡಲ್‌ನ ಎರಡು ಮೂರು ಪ್ರಕರಣ ಮುಗಿದಿರುತ್ತವೆ, ಅನಿಮಲ್ ವೆಲ್‌ನ ಹಾರಾಟ ಬೆರಳಿಗೆ ಒಗ್ಗುತ್ತದೆಯೇ ಎಂಬುದು ಅರ್ಧ ಗಂಟೆಯಲ್ಲೇ ತಿಳಿಯುತ್ತದೆ. ಬ್ಲೂ ಪ್ರಿನ್ಸ್ ವಿಷಯದಲ್ಲಿ ಮಾತ್ರ ಈ ಪರೀಕ್ಷೆಯನ್ನು ನೆಚ್ಚಿಕೊಳ್ಳಬೇಡಿ: ಮೊದಲ ಮೂರ್ನಾಲ್ಕು ದಿನ ಪ್ರತಿ ಕೋಣೆಯೂ ಹೊಸದಾಗಿರುವುದರಿಂದ ಎಲ್ಲರಿಗೂ ಇಷ್ಟವಾಗುತ್ತದೆ, ಗರ ಬೀಳದ ಬೇಸರ ಶುರುವಾಗುವುದು ಹತ್ತನೆಯ ಗಂಟೆಯ ಆಚೆಗೆ. ಅದನ್ನು ಕೊಳ್ಳುವ ಮೊದಲು ಇತ್ತೀಚೆಗೆ ಇಸ್ಪೀಟು ಎಲೆಯೋ ಚೌಕಾಬಾರವೋ ಆಡುವಾಗ ಅದೃಷ್ಟ ಸತತವಾಗಿ ಕೈಕೊಟ್ಟ ದಿನ ನೀವು ಆಟ ಮುಂದುವರಿಸಿದಿರೋ, ಎದ್ದುಹೋದಿರೋ ಎಂದು ನೆನಪು ಮಾಡಿಕೊಳ್ಳಿ.